ಪುನ್ನಾಟದ ಹರಳು, ರೋಮಿನ ಬೆಳ್ಳಿ

ಕ್ರಿ.ಶ. 150ರ ಆಸುಪಾಸು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕೂತು ಟಾಲೆಮಿ ಎಂಬ ಗಣಿತಜ್ಞ ಅಂದಿಗೆ ಗೊತ್ತಿದ್ದ ಲೋಕದ ಊರುಗಳನ್ನೆಲ್ಲ ಪಟ್ಟಿ ಮಾಡುತ್ತಿದ್ದ. ಹಡಗಿನವರು, ವ್ಯಾಪಾರಿಗಳು ತಂದ ಸುದ್ದಿಯೇ ಅವನಿಗೆ ಆಧಾರ. ಆ ಪಟ್ಟಿಯಲ್ಲಿ ನಮ್ಮ ಬನವಾಸಿ ಇದೆ, ತಮಿಳುನಾಡಿನ ಕರೂರು ಇದೆ. ಹೆಚ್ಚಿನ ಊರುಗಳಿಗೆ ಹೆಸರು, ಅಕ್ಷಾಂಶ, ರೇಖಾಂಶ ಇಷ್ಟು ಬರೆದು ಅವನು ಮುಂದೆ ಹೋಗುತ್ತಾನೆ. ಒಂದು ಹೆಸರಿನ ಎದುರು ತಡೆದು ಒಂದು ಮಾತು ಸೇರಿಸಿದ್ದಾನೆ: ಪುನ್ನಾಟ, ಅಲ್ಲಿ ಬೆರಿಲ್ ಸಿಗುತ್ತದೆ.

ಈ ಪುನ್ನಾಟ ಎಲ್ಲಿಯದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಾಮ್ರಪಟಗಳಲ್ಲಿ. ಉಡುಮಲಪೇಟೆ ಸೀಮೆಯ ಕೊಮರಲಿಂಗಂನಲ್ಲಿ ದೊರೆತ ಶಾಸನವೊಂದು ರವಿದತ್ತನೆಂಬ ಪುನ್ನಾಟದ ಅರಸನದು. ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ ಎಂದು ಅವನ ಹಿಂದಿನವರ ಹೆಸರುಗಳು ಅದರಲ್ಲಿವೆ, ರಾಜಧಾನಿ ಕಿತ್ತಿಪುರ. ಶಾಸನತಜ್ಞ ಬಿ.ಎಲ್. ರೈಸ್ ಈ ಕಿತ್ತಿಪುರವನ್ನು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ದಡದ ಕಿತ್ತೂರು ಎಂದು ಗುರುತಿಸಿದರು. 1898ರಲ್ಲಿ ಬಂದ 'ಎಪಿಗ್ರಾಫಿಯಾ ಕರ್ನಾಟಿಕ'ದ ನಾಲ್ಕನೆಯ ಸಂಪುಟಕ್ಕಾಗಿ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ತಾಲ್ಲೂಕುಗಳ ಕಲ್ಲುಕಲ್ಲನ್ನೂ ಓದಿಸಿದವರು ಅವರೇ. ಟಾಲೆಮಿಯ ಪುನ್ನಾಟ ಇದೇ ಎಂಬ ಅವರ ಮಾತನ್ನು ಮುಂದಿನ ಬಹುತೇಕ ಇತಿಹಾಸಕಾರರು ಒಪ್ಪಿದರು.

ಹೀಗೆ ನೋಡಿದರೆ ಕಬಿನಿಯಿಂದ ಗುಂಡ್ಲು ಹೊಳೆಯವರೆಗೆ, ಅಲ್ಲಿಂದ ಸುವರ್ಣಾವತಿಯ ಕಡೆಗೆ ಹರಡಿದ ನೆಲವೇ ಪುನ್ನಾಟ. ಇಂದಿನ ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮೂಲ ಗುರುತು ಅದು. ತಲಕಾಡಿನ ಗಂಗರು ಮೇಲೆದ್ದಾಗ ಈ ಪುಟ್ಟ ರಾಜ್ಯ ಅವರೊಳಗೆ ಕರಗಿತು. ಗಂಗರ ಅವಿನೀತ ಪುನ್ನಾಟದ ಸ್ಕಂದವರ್ಮನ ಮಗಳನ್ನು ಮದುವೆಯಾದ. ಅವರ ಮಗ ದುರ್ವಿನೀತ ತನ್ನನ್ನು ಪುನ್ನಾಡಿನ ಒಡೆಯನೆಂದೂ ಕರೆದುಕೊಂಡ. ಜೈನರಲ್ಲಿ ಪುನ್ನಾಟ ಸಂಘ ಎಂಬ ಮುನಿಪರಂಪರೆಯೇ ಇತ್ತು. ಕ್ರಿ.ಶ. 783ರಲ್ಲಿ ಹರಿವಂಶ ಪುರಾಣವನ್ನು ಮುಗಿಸಿದ ಜಿನಸೇನ ಆ ಸಂಘದವನು. ಆ ಹೊತ್ತಿಗೆ ರಾಜ್ಯ ಹೋಗಿ ಹೆಸರು ಮಾತ್ರ ಉಳಿದಿತ್ತು. ಟಾಲೆಮಿಯ ಕಾಲದಲ್ಲಾದರೋ ಹೆಸರಿಗಿಂತ ದೊಡ್ಡದು ಹರಳು.

ಬೆರಿಲ್ ಪಚ್ಚೆಯ ಕುಲದ ಕಲ್ಲು. ಗಾಢ ಹಸಿರಿದ್ದರೆ ಪಚ್ಚೆ, ತಿಳಿನೀಲಿ ಅಥವಾ ಸಮುದ್ರದ ಬಣ್ಣವಿದ್ದರೆ ಅಕ್ವಾಮರೀನ್. ಬಂಡೆಯ ಬಿರುಕುಗಳಲ್ಲಿ ಆರು ಮುಖದ ಉದ್ದನೆ ಕಂಬದಂತೆ ಬೆಳೆಯುತ್ತದೆ. ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲಿ ಬರೆದ ವಿಶ್ವಕೋಶದಂಥ ಗ್ರಂಥದ ಕೊನೆಯ ಭಾಗ ಪೂರ್ತಿ ರತ್ನಗಳದು. ಬೆರಿಲ್ ಹುಟ್ಟುವುದು ಭಾರತದಲ್ಲಿ, ಬೇರೆಡೆ ಅಪರೂಪ ಎನ್ನುತ್ತಾನೆ ಆತ. ಕಡಲಿನ ತಿಳಿಹಸಿರಿಗೆ ಹತ್ತಿರವಾದದ್ದೇ ಎಲ್ಲಕ್ಕಿಂತ ಮೇಲು. ಆರು ಮುಖ ಕೊಟ್ಟು ಕೊರೆಯದಿದ್ದರೆ ಅದರ ಹೊಳಪು ಏಳುವುದಿಲ್ಲವಂತೆ.

ಅವನು ಕೊಡುವ ಇನ್ನೊಂದು ವಿವರ ಈ ಸೀಮೆಯವರನ್ನು ಥಟ್ಟನೆ ಹಿಡಿದು ನಿಲ್ಲಿಸುತ್ತದೆ. ಭಾರತದವರಿಗೆ ಉದ್ದನೆಯ ಬೆರಿಲ್ ಎಂದರೆ ಬಲು ಪ್ರೀತಿ. ಚಿನ್ನದಲ್ಲಿ ಕೂರಿಸದೆ ಇಟ್ಟರೇ ಚೆಂದ ಎಂದು ಅದಕ್ಕೆ ತೂತು ಕೊರೆದು ಆನೆಯ ಕೂದಲಿನಲ್ಲಿ ಪೋಣಿಸಿಕೊಳ್ಳುತ್ತಾರೆ ಎಂದು ಅವನು ಬರೆದಿದ್ದಾನೆ. ಆನೆ ಬಾಲದ ಕೂದಲಿನ ಉಂಗುರ ಕಟ್ಟಿಸಿಕೊಂಡರೆ ಭಯ ಹೋಗುತ್ತದೆಂಬ ನಂಬಿಕೆ ಮೈಸೂರು ಸೀಮೆಯಲ್ಲಿ ಮೊನ್ನೆಮೊನ್ನೆಯವರೆಗೂ ಇತ್ತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನ ಊರುಗಳಲ್ಲಿ ಅದೇನೂ ಹೊಸ ಮಾತಲ್ಲ. ಪ್ಲಿನಿ ಇನ್ನೊಂದು ದೂರನ್ನೂ ದಾಖಲಿಸಿದ್ದಾನೆ: ಸ್ಫಟಿಕಕ್ಕೆ ಬಣ್ಣ ಹಾಕಿ ಖೋಟಾ ರತ್ನ ಮಾಡುವುದನ್ನು ಭಾರತದವರು ಕಂಡುಹಿಡಿದಿದ್ದಾರೆ, ಅದರಲ್ಲೂ ಖೋಟಾ ಬೆರಿಲ್ ಮಾಡುವುದರಲ್ಲಿ ಅವರದು ಎತ್ತಿದ ಕೈ! ನಕಲಿ ಮಾಲು ಹುಟ್ಟಬೇಕಾದರೆ ಅಸಲಿಗೆ ಎಷ್ಟು ಬೇಡಿಕೆ ಇದ್ದಿರಬೇಕು.

ಹರಳು ಘಟ್ಟ ಇಳಿದರೆ ಮಾತ್ರ ಹಣ. ಮೈಸೂರು ಪ್ರಸ್ಥಭೂಮಿಯಿಂದ ದಕ್ಷಿಣಕ್ಕೆ ಇಳಿಯಲು ಚಾಮರಾಜನಗರದ ಕಡೆಯಿಂದ ಹಾಸನೂರು, ದಿಂಬಂ, ಗಜ್ಜಲಹಟ್ಟಿಯ ಕಣಿವೆಗಳಿವೆ. ಈಗ ಸತ್ಯಮಂಗಲಕ್ಕೆ ಹೋಗುವ ಲಾರಿಗಳು ದಿಂಬಂನ 27 ತಿರುವುಗಳಲ್ಲಿ ಉಸಿರು ಬಿಗಿಹಿಡಿದು ಇಳಿಯುವುದು ಆ ಜಾಡಿನಲ್ಲೇ. ಗುಂಡ್ಲುಪೇಟೆಯಿಂದ ಪಶ್ಚಿಮಕ್ಕೆ ಹೊರಟರೆ ವಯನಾಡು, ಆಮೇಲೆ ಮಲಬಾರಿನ ಕರಾವಳಿ. ತೆಂಕಣಕ್ಕೆ ಹೊರಟರೆ ಮುದುಮಲೆ, ನೀಲಗಿರಿ. ಕೇರಳಕ್ಕೂ ತಮಿಳುನಾಡಿಗೂ ದಾರಿ ಕವಲೊಡೆಯುವ ಊರು ಎಂಬ ಅದರ ಇಂದಿನ ಗುರುತು ನೆಲದ ಏರುತಗ್ಗೇ ಕೊಟ್ಟದ್ದು.

ಘಟ್ಟದ ಕೆಳಗೆ ಕೊಂಗುನಾಡು. ಅಲ್ಲಿ ನೊಯ್ಯಲ್ ಹೊಳೆಯ ದಡದ ಕೊಡುಮಣಲ್‌ನಲ್ಲಿ 1980ರ ದಶಕದಿಂದ ನಡೆದ ಉತ್ಖನನಗಳು ಒಂದು ಕಸುಬಿನ ಊರನ್ನೇ ಮೇಲೆತ್ತಿದವು. ಬೆರಿಲ್, ನೀಲ, ಸ್ಫಟಿಕ, ಕೆಂಪು ಕಾರ್ನೀಲಿಯನ್ ಕಲ್ಲುಗಳನ್ನು ಸೀಳಿ, ಉಜ್ಜಿ, ತೂತು ಕೊರೆದು ಮಣಿ ಮಾಡುತ್ತಿದ್ದ ಜಾಗ ಅದು. ಅರ್ಧ ಕೆಲಸ ಆದವು, ತೂತು ಕೊರೆಯುವಾಗ ಒಡೆದವು, ಎಸೆದ ಚೂರುಗಳು, ಎಲ್ಲವೂ ಮಣ್ಣಲ್ಲಿ ಹಾಗೇ ಬಿದ್ದಿದ್ದವು. ಹತ್ತಿರದ ಪಡಿಯೂರಿನಲ್ಲೂ ಬೆರಿಲ್ ಗಣಿ ಇತ್ತು. ಇಲ್ಲಿಂದ ಪಾಲಕ್ಕಾಡಿನ ಕಣಿವೆ ಹಾದರೆ ಮುಚಿರಿ, ಗ್ರೀಕರ ಬಾಯಲ್ಲಿ ಮುಜಿರಿಸ್. 'ಪೆರಿಪ್ಲಸ್' ಎಂಬ ಒಂದನೆಯ ಶತಮಾನದ ಹಡಗಿನವರ ಕೈಪಿಡಿ ಆ ಬಂದರಿನ ಸರಕನ್ನು ಪಟ್ಟಿ ಮಾಡುತ್ತದೆ: ಮೆಣಸು, ಮುತ್ತು, ದಂತ, ಬಗೆಬಗೆಯ ಪಾರದರ್ಶಕ ಕಲ್ಲುಗಳು, ವಜ್ರ, ಆಮೆಯ ಚಿಪ್ಪು. ಅಲ್ಲಿಗೆ ಬರುವ ಸರಕಿನಲ್ಲಿ ಅದು ಮೊದಲು ಹೇಳುವುದು ದುಡ್ಡು, ಅದೂ ರಾಶಿರಾಶಿ. ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಪಪೈರಸ್ ಒಂದರಲ್ಲಿ ಮುಜಿರಿಸ್‌ನಿಂದ ಹೊರಟ 'ಹರ್ಮಪೋಲೋನ್' ಎಂಬ ಹಡಗಿನ ಲೆಕ್ಕವಿದೆ. ಜಟಾಮಾಂಸಿ, ದಂತ ಮುಂತಾದ ಆ ಸರಕಿಗೆ ನಾಲ್ಕನೇ ಒಂದು ಭಾಗ ಸುಂಕ ಕಳೆದ ಮೇಲೂ ಸುಮಾರು 70 ಲಕ್ಷ ಸೆಸ್ಟರ್ಸ್ ಬೆಲೆ. ಒಂದೇ ಹಡಗಿನ ಮಾಲು!

ಪ್ರತಿವರ್ಷ ಭಾರತ ನಮ್ಮ ಸಾಮ್ರಾಜ್ಯದಿಂದ 5 ಕೋಟಿ ಸೆಸ್ಟರ್ಸ್ ಹೀರಿಕೊಳ್ಳುತ್ತಿದೆ ಎಂದು ಪ್ಲಿನಿ ಗೊಣಗಿದ್ದು ಸುಮ್ಮನೆ ಅಲ್ಲ. ನಾಲ್ಕು ಸೆಸ್ಟರ್ಸ್‌ಗೆ ಒಂದು ಬೆಳ್ಳಿ ಡೆನೇರಿಯಸ್. ಕೂಲಿಯವನ ಒಂದು ದಿನದ ಸಂಬಳ ಸುಮಾರು ಒಂದು ಡೆನೇರಿಯಸ್ ಎಂಬುದಕ್ಕೆ ಬೈಬಲಿನ ದ್ರಾಕ್ಷಿತೋಟದ ಕಥೆಯೇ ಸಾಕ್ಷಿ. ಪ್ಲಿನಿಯ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದ್ದರೂ ದುಡ್ಡು ಇತ್ತ ಹರಿದದ್ದು ನಿಜ. ಅದು ಮಣ್ಣಿನಿಂದ ಎದ್ದು ಬರುತ್ತಲೇ ಇದೆ.

1842ರಲ್ಲಿ ಕೊಯಮತ್ತೂರಿನ ಬಳಿಯ ವೆಳ್ಳಲೂರಿನಲ್ಲಿ ಒಂದೇ ಕಡೆ 522 ಡೆನೇರಿಯಸ್‌ಗಳು ಸಿಕ್ಕವು. ಉಡುಮಲಪೇಟೆ ಕಡೆಯ ಬೂದಿನತ್ತಂನಲ್ಲಿ ಸಿಕ್ಕವು ಸಾವಿರಕ್ಕೂ ಹೆಚ್ಚು. ಪುನ್ನಾಟದ ರವಿದತ್ತನ ತಾಮ್ರಪಟ ಸಿಕ್ಕ ಕೊಮರಲಿಂಗಂ ಇರುವುದೂ ಅದೇ ಸೀಮೆಯಲ್ಲಿ. ಬಡಗಣಕ್ಕೆ ಬಂದರೆ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಹಾದಿಗಾಗಿ ಅಗೆಯುತ್ತಿದ್ದವರಿಗೆ 163 ಬೆಳ್ಳಿ ನಾಣ್ಯಗಳ ಗಡಿಗೆ ಎದುರಾಯಿತು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಮತ್ತೆ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರ ಉತ್ಖನನದಲ್ಲೂ 1947ರಲ್ಲಿ ಮಾರ್ಟಿಮರ್ ವೀಲರ್ ತೋಡಿಸಿದ ಗುಂಡಿಯಲ್ಲೂ ರೋಮಿನ ಬೆಳ್ಳಿ ಕಂಡಿತು. ಈ ಊರುಗಳನ್ನು ನಕಾಶೆಯಲ್ಲಿ ಗುರುತು ಹಾಕಿ ನೋಡಿದರೆ ಒಂದು ಕೊಂಗುನಾಡಿನ ಗುಂಪು, ಇನ್ನೊಂದು ಬೆಂಗಳೂರು–ಚಿತ್ರದುರ್ಗದ ಗುಂಪು. ನಡುವೆ ಕೂತಿರುವುದು ಪುನ್ನಾಟ.

ಈ ನಾಣ್ಯಗಳಲ್ಲೊಂದನ್ನು ಅಂಗೈಯಲ್ಲಿಟ್ಟು ನೋಡಬೇಕು. ತೂಕ ಮೂರೂಮುಕ್ಕಾಲು ಗ್ರಾಂ ಆಚೀಚೆ. ನಮ್ಮಲ್ಲಿ 2011ರಲ್ಲಿ ಬಂದ ಒಂದು ರೂಪಾಯಿಯಷ್ಟೇ ಭಾರ, ಅಗಲ ಅದಕ್ಕಿಂತ ತುಸು ಕಡಿಮೆ. ಒಂದು ಬದಿಯಲ್ಲಿ ಎಲೆಗಳ ಕಿರೀಟ ತೊಟ್ಟ ರೋಮಿನ ದೊರೆ ಅಗಸ್ಟಸ್‌ನ ಮುಖ. ಮಗುಚಿದರೆ ಇಬ್ಬರು ಹುಡುಗರು ಅಕ್ಕಪಕ್ಕ ನಿಂತಿದ್ದಾರೆ. ನಡುವೆ ಎರಡು ಗುರಾಣಿ, ಎರಡು ಈಟಿ. ತಲೆಗಳ ಮೇಲೆ ಪೂಜೆಯ ಸೌಟು ಮತ್ತು ಶಕುನ ನೋಡುವ ಪುರೋಹಿತನ ಡೊಂಕು ಕೋಲು. ಹುಡುಗರು ಅಗಸ್ಟಸ್‌ನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸ್. ಅಜ್ಜನೇ ದತ್ತು ತೆಗೆದುಕೊಂಡು ಮುಂದಿನ ದೊರೆಗಳೆಂದು ಲೋಕಕ್ಕೆ ತೋರಿಸಿದ್ದ. ಈಟಿ, ಗುರಾಣಿ ಶೌರ್ಯಕ್ಕೆ. ಸೌಟು, ಕೋಲು ದೈವಬಲಕ್ಕೆ. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೇಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಪಟ್ಟವೇರದೆ ಹೋದ ಆ ಹುಡುಗರ ಚಿತ್ರ ಮಾತ್ರ ದಕ್ಷಿಣ ಭಾರತದ ಮಡಕೆಗಳಲ್ಲಿ ಸಾವಿರಾರು ಪ್ರತಿಯಾಗಿ ಉಳಿಯಿತು.

ಇನ್ನೊಂದು ನಾಣ್ಯ ಟೈಬೀರಿಯಸ್‌ನದು. ಹಿಂಬದಿಯಲ್ಲಿ ಪೀಠದ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ಆಲಿವ್ ಕೊಂಬೆ. ಅವಳು ಶಾಂತಿದೇವತೆಯೂ ಹೌದು, ದೊರೆಯ ತಾಯಿ ಲಿವಿಯಾಳೂ ಇರಬಹುದು. ಸುತ್ತಲಿನ ಲ್ಯಾಟಿನ್ ಬರಹ ದೊರೆಯನ್ನು ಪ್ರಧಾನ ಪುರೋಹಿತನೆಂದು ಸಾರುತ್ತದೆ. ತೆರಿಗೆ ಕೊಡಬೇಕೋ ಬೇಡವೋ ಎಂದು ಯೇಸುವಿನ ಮುಂದೆ ಹಿಡಿದ ನಾಣ್ಯ ಇದೇ ಬಗೆಯದೆಂದು ಕ್ರೈಸ್ತ ಲೋಕದ ನಂಬಿಕೆ. ದಕ್ಷಿಣ ಭಾರತದ ಬೆಳ್ಳಿ ನಿಧಿಗಳನ್ನು ಬಿಡಿಸಿದಾಗ ಮುಕ್ಕಾಲು ಪಾಲು ಎದುರಾಗುವುದು ಈ ಎರಡೇ ಅಚ್ಚು. ಇವುಗಳಲ್ಲಿ ಬಹುಪಾಲು ಹುಟ್ಟಿದ್ದು ರೋಮಿನಲ್ಲೂ ಅಲ್ಲ, ಈಗಿನ ಫ್ರಾನ್ಸಿನ ಲಿಯೋನ್‌ನ ಟಂಕಸಾಲೆಯಲ್ಲಿ.

ರೋಮಿನ ಆಳ್ವಿಕೆಯಲ್ಲಿ ಎಲ್ಲ ನಾಣ್ಯವೂ ಹೀಗೆ ಒಂದೇ ಅಚ್ಚಿನದಾಗಿರಲಿಲ್ಲ. ಸಾಮ್ರಾಜ್ಯದ ಪೂರ್ವ ಭಾಗದ ನೂರಾರು ಪಟ್ಟಣಗಳು ತಮ್ಮದೇ ಹಣ ಹೊಡೆಯುತ್ತಿದ್ದವು. ವಿದ್ವಾಂಸರು ಇವನ್ನು ಪ್ರಾಂತೀಯ ನಾಣ್ಯಗಳೆನ್ನುತ್ತಾರೆ. ಇವುಗಳ ಸಮಗ್ರ ಸೂಚಿಯ ಮೊದಲ ಸಂಪುಟ ಹೊರಬಂದದ್ದು 1992ರಲ್ಲಿ. ಒಂದು ಬದಿಯಲ್ಲಿ ದೊರೆಯ ಮುಖ ಇಟ್ಟರೆ ನಿಷ್ಠೆ ತೋರಿಸಿದಂತಾಯಿತು. ಇನ್ನೊಂದು ಬದಿ ಊರಿನವರದು. ಅಲ್ಲಿ ಅವರು ತಮ್ಮ ಗುಡಿ, ಗ್ರಾಮದೇವತೆ, ಹೊಳೆ, ಬೆಟ್ಟ ಎಲ್ಲವನ್ನೂ ಮೆರೆಸಿದರು. ಎಫೆಸಸ್ ತನ್ನ ಆರ್ಟೆಮಿಸ್ ದೇವಿಯನ್ನು ಇಟ್ಟಿತು. ಅಂತಿಯೋಕ್ಯ ತನ್ನ ನಗರದೇವತೆಯನ್ನು ಬಂಡೆಯ ಮೇಲೆ ಕೂರಿಸಿ, ಒರಾಂಟಿಸ್ ನದಿಯನ್ನು ಅವಳ ಕಾಲಡಿ ಈಜುವ ಯುವಕನಾಗಿ ಕೆತ್ತಿಸಿತು. ಕಪದೋಕಿಯದ ಕೈಸರೇಯ ನಗರ ಅರ್ಗೇಯಸ್ ಪರ್ವತವನ್ನೇ ದೇವರೆಂದು ನಾಣ್ಯಕ್ಕೆ ಏರಿಸಿತು. ಸಿರಿಯಾದ ಎಮೆಸಾದಲ್ಲಿ ಪೂಜೆಗೊಳ್ಳುತ್ತಿದ್ದದ್ದು ಒಂದು ಕಪ್ಪು ಕಲ್ಲು. ಅದರ ಮೇಲೆ ಹದ್ದು ಕೂತ ಚಿತ್ರ ಅಲ್ಲಿನ ನಾಣ್ಯದಲ್ಲಿದೆ. ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿ, ಮಲೆ ಮಹದೇಶ್ವರ ಬೆಟ್ಟಗಳನ್ನು ಕಂಡು ಬೆಳೆದವರಿಗೆ ಬೆಟ್ಟ ದೇವರಾಗುವುದನ್ನೂ ಕಲ್ಲು ಶಿವನಾಗುವುದನ್ನೂ ಯಾರೂ ವಿವರಿಸಬೇಕಿಲ್ಲ.

ಈ ಬಗೆಯಲ್ಲಿ ಎಲ್ಲರನ್ನೂ ಮೀರಿಸಿದ್ದು ಅಲೆಕ್ಸಾಂಡ್ರಿಯಾ. ನೈಲ್ ನದಿಯ ದೇವರು, ಸೆರಾಪಿಸ್, ಹಾಯಿ ಹಿಡಿದ ಐಸಿಸ್ ದೇವಿ, ದೀಪಸ್ತಂಭ, ಆನೆ ಕಟ್ಟಿದ ರಥ, ಹೆಡೆಯೆತ್ತಿದ ಹಾವು, ಅಲ್ಲಿನ ಟಂಕಸಾಲೆಯಲ್ಲಿ ಇಲ್ಲದ ಚಿತ್ರವಿಲ್ಲ. ದೊರೆ ಆಂಟೊನೈನಸ್ ಪಯಸ್‌ನ ಆಳ್ವಿಕೆಯ ಎಂಟನೆಯ ವರ್ಷದಲ್ಲಿ, ಅಂದರೆ ಕ್ರಿ.ಶ. 144–145ರಲ್ಲಿ, ಅಲ್ಲಿ ದೊಡ್ಡ ಕಂಚಿನ ನಾಣ್ಯಗಳ ಒಂದು ಮಾಲಿಕೆಯೇ ಬಂತು. ಒಂದೊಂದರಲ್ಲಿ ಒಂದೊಂದು ರಾಶಿ, ಜೊತೆಗೆ ಆ ರಾಶಿಯ ಅಧಿಪತಿ. ಸಿಂಹದೊಂದಿಗೆ ಸೂರ್ಯ, ಕರ್ಕಾಟಕದೊಂದಿಗೆ ಚಂದ್ರ, ಮೇಷದೊಂದಿಗೆ ಕುಜ, ಮಕರದೊಂದಿಗೆ ಶನಿ. ಒಂಟಿಕೊಪ್ಪಲ್ ಪಂಚಾಂಗ ತೆರೆದು ನೋಡಿದರೂ ಸಿಗುವ ಜೋಡಿಗಳು ಇವೇ! ಹನ್ನೆರಡು ರಾಶಿಗಳ ಜ್ಯೋತಿಷ್ಯ ಯವನರ, ಅಂದರೆ ಗ್ರೀಕರ, ಮೂಲಕ ಭಾರತಕ್ಕೆ ಬಂತೆಂದು ಇತಿಹಾಸಕಾರರು ಹೇಳುತ್ತಾರೆ. 'ಯವನಜಾತಕ' ಎಂಬ ಸಂಸ್ಕೃತ ಗ್ರಂಥವೂ ನಮ್ಮಲ್ಲಿದೆ. ಟಾಲೆಮಿ ನಕ್ಷತ್ರ ನೋಡುತ್ತಾ ಪುನ್ನಾಟದ ಹೆಸರು ಬರೆದದ್ದು ಇದೇ ನಗರದಲ್ಲಿ, ಇದೇ ವರ್ಷಗಳಲ್ಲಿ. ಅವನ ಕೈಚೀಲದಲ್ಲಿ ಈ ರಾಶಿ ನಾಣ್ಯಗಳು ಓಡಾಡಿರಬೇಕು.

ಇಲ್ಲೊಂದು ಗಂಟಿದೆ. ಭಾರತಕ್ಕೆ ಹೊರಟ ಹಡಗುಗಳು ಕೆಂಪು ಸಮುದ್ರದ ಬೆರೆನಿಕೆ, ಮಯೋಸ್ ಹೊರ್ಮೋಸ್ ಬಂದರುಗಳವು, ಎರಡೂ ಈಜಿಪ್ಟಿನವು. ಆದರೂ ನಮ್ಮ ನಿಧಿಗಳಲ್ಲಿ ಈಜಿಪ್ಟಿನ ಚಂದದ ಹಣ ಕಾಣುವುದಿಲ್ಲ, ದೂರದ ಫ್ರಾನ್ಸಿನ ಡೆನೇರಿಯಸ್ ಕಾಣುತ್ತದೆ. ಗಂಟನ್ನು ಬಿಚ್ಚುವುದು ಈಜಿಪ್ಟಿನ ಹಣಕಾಸಿನ ಕಟ್ಟಳೆ. ಅಲ್ಲಿಯ ನಾಣ್ಯ ಆ ಪ್ರಾಂತ್ಯದೊಳಗೆ ಮಾತ್ರ ಚಲಾವಣೆ. ಹೊರಗಿನ ಹಣ ತಂದವರು ಗಡಿಯಲ್ಲಿ ಅದನ್ನು ಬದಲಾಯಿಸಿಕೊಳ್ಳಬೇಕು. ಅಲೆಕ್ಸಾಂಡ್ರಿಯಾದ ನಾಲ್ಕು ದ್ರಾಕ್ಮಾದ ನಾಣ್ಯ ಹೆಸರಿಗೆ ಬೆಳ್ಳಿ, ಒಳಗೆ ತಾಮ್ರದ ಬೆರಕೆ ಬೇಕಾದಷ್ಟು. ಸರಕಾರದ ಮಾತಿನ ಮೇಲೆ ಅದಕ್ಕೆ ಬೆಲೆ. ಆ ಮಾತು ಮುಚಿರಿಯ ಮೆಣಸಿನ ವ್ಯಾಪಾರಿಗೆ, ಕೊಡುಮಣಲ್‌ನ ಮಣಿಗಾರನಿಗೆ ಯಾವ ಲೆಕ್ಕ? ಕಲ್ಲು ಮಾರಿದವನಿಗೆ ಬೇಕಾದದ್ದು ಒರೆಗಲ್ಲಿಗೆ ನಿಲ್ಲುವ ಲೋಹ.

ಪ್ಲಿನಿ ಹೇಳುವ ಸಿಂಹಳದ ಪ್ರಸಂಗ ಇದಕ್ಕೆ ಸರಿಯಾಗಿ ಹೊಂದುತ್ತದೆ. ಕ್ಲಾಡಿಯಸ್ ದೊರೆಯ ಕಾಲದಲ್ಲಿ ಕೆಂಪು ಸಮುದ್ರದ ಸುಂಕ ವಸೂಲಿಗಾರನೊಬ್ಬನ ಆಳು ಗಾಳಿಗೆ ಸಿಕ್ಕು ಆ ದ್ವೀಪ ಸೇರಿದ. ಅವನ ಬಳಿಯಿದ್ದ ಡೆನೇರಿಯಸ್‌ಗಳನ್ನು ಅಲ್ಲಿನ ರಾಜ ತೂಗಿ ನೋಡಿದ. ಮುಖಗಳು ಬೇರೆಬೇರೆ ದೊರೆಗಳವು, ತೂಕ ಮಾತ್ರ ಒಂದೇ. ಇಷ್ಟು ನೇರ ಜನ ಯಾರಪ್ಪ ಎಂದು ಬೆರಗಾಗಿ ಅವನು ರೋಮಿಗೆ ರಾಯಭಾರಿಗಳನ್ನು ಕಳಿಸಿದನಂತೆ. ನಾಣ್ಯದ ಮೇಲಿನ ಚಿತ್ರ ರೋಮಿನ ಪ್ರಜೆಗೆ ವಂಶದ, ದೇವರ, ಗೆಲುವಿನ ಕಥೆ ಹೇಳುತ್ತಿತ್ತು. ಇಲ್ಲಿನವರಿಗೆ ಅದೇ ಚಿತ್ರ ತೂಕಕ್ಕೂ ಶುದ್ಧತೆಗೂ ಬಿದ್ದ ಮುದ್ರೆ. ಆ ಇಬ್ಬರು ಹುಡುಗರು ಯಾರೆಂಬುದು ಯಶವಂತಪುರದಲ್ಲಿ ಗಡಿಗೆ ಹೂತಿಟ್ಟವನಿಗೆ ಬೇಕಿರಲಿಲ್ಲ. ಅವರಿದ್ದರೆ ಬೆಳ್ಳಿ ಸಾಚಾ, ಅಷ್ಟು ಸಾಕಿತ್ತು.

ಕ್ರಿ.ಶ. 64ರಲ್ಲಿ ನೀರೋ ಡೆನೇರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಆಮೇಲಿನ ಬೆಳ್ಳಿ ನಾಣ್ಯ ದಕ್ಷಿಣದ ನಿಧಿಗಳಲ್ಲಿ ಬಲು ವಿರಳ. ಹಳೆಯ ಅಗಸ್ಟಸ್, ಟೈಬೀರಿಯಸ್‌ಗಳನ್ನೇ ಕೇಳಿ ಪಡೆದಷ್ಟು ಚುರುಕಾಗಿತ್ತು ಇಲ್ಲಿನ ಪೇಟೆ. ಇನ್ನು 1898ರಲ್ಲಿ ಪುದುಕೋಟೆಯಲ್ಲಿ ದೊರೆತ 501 ಚಿನ್ನದ ನಾಣ್ಯಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ದೊರೆಯ ಮುಖದ ಮೇಲೆಯೇ ಉಳಿಯಿಂದ ಕಚ್ಚು ಹಾಕಿದ್ದರು. ಒಳಗೂ ಚಿನ್ನವೇ ಎಂದು ಪರೀಕ್ಷಿಸಲು ಹೀಗೆ ಮಾಡಿದರೆಂದು ಕೆಲವರು, ಮತ್ತೆ ಹಣವಾಗಿ ಚಲಾವಣೆಯಾಗದಿರಲೆಂದು ಇನ್ನು ಕೆಲವರು ಹೇಳುತ್ತಾರೆ. ಎರಡರಲ್ಲಿ ಯಾವುದೇ ಆದರೂ ಸೀಸರ್‌ನ ಮುಖಕ್ಕೆ ಇಲ್ಲಿ ಯಾವ ಮರ್ಯಾದೆಯೂ ಸಿಗಲಿಲ್ಲ.

ಹಾಗಾದರೆ ಈ ಕಡೆಯವರಿಗೆ ನಾಣ್ಯದ ಚಿತ್ರವೇ ಬೇಡವಾಗಿತ್ತೇ? ಹಾಗೇನಿಲ್ಲ. ಅವರ ಚಿತ್ರಗಳು ಬೇರೆ. ಶಾತವಾಹನರ ಕಾಲದಲ್ಲಿ ಕನ್ನಡ ನೆಲದ ಸಾಮಂತರು ಸೀಸದ ನಾಣ್ಯ ಹೊಡೆಸುತ್ತಿದ್ದರು. ಚಿತ್ರದುರ್ಗ, ಚಂದ್ರವಳ್ಳಿಯಲ್ಲಿ ಸಿಕ್ಕವು ಸದಕನ ಕಳಲಾಯ ಮಹಾರಠಿಯವು. ಒಂದು ಬದಿಯಲ್ಲಿ ಹಿಣಿಲೆದ್ದ ಗೂಳಿ, ಸುತ್ತ ಬ್ರಾಹ್ಮೀ ಲಿಪಿಯಲ್ಲಿ ಅವನ ಹೆಸರು. ಇನ್ನೊಂದು ಬದಿಯಲ್ಲಿ ಕಟಾಂಜನದೊಳಗಿನ ಮರ, ಕಮಾನು ಕಮಾನಾಗಿ ಪೇರಿಸಿದ ಬೆಟ್ಟ. ಕಾರವಾರದಲ್ಲಿ ಸಿಕ್ಕ ಚುಟುಕುಲಾನಂದ, ಮೂಲಾನಂದರ ಸೀಸದ ನಾಣ್ಯಗಳಲ್ಲೂ ಅದೇ ಬೆಟ್ಟ, ಅದೇ ಮರ. ಅರಸನ ಮುಖ ಇಲ್ಲ. ರೋಮಿನ ಪ್ರಾಂತೀಯ ಪಟ್ಟಣ ದೊರೆಯ ತಲೆಗೆ ಒಂದು ಬದಿ ಬಿಟ್ಟುಕೊಟ್ಟು ತನ್ನ ದೇವರಿಗೆ ಇನ್ನೊಂದು ಬದಿ ಉಳಿಸಿಕೊಂಡಿತು. ನಮ್ಮ ಮಹಾರಠಿ ಎರಡೂ ಬದಿಯನ್ನು ತನ್ನ ಗೂಳಿಗೂ ಮರಕ್ಕೂ ಕೊಟ್ಟ. ಸೀಸ ಕರಾವಳಿಯ ಪೇಟೆಗೆ ಹೋಗುವ ಹಣವಲ್ಲ, ಊರಿನ ಸಂತೆಯ ಚಿಲ್ಲರೆ. ಸಂತೆಗೆ ಬರುವವರು ಗುರುತಿಸಬೇಕಾದ್ದು ಅವರಿಗೆ ಗೊತ್ತಿರುವ ಮರವನ್ನೇ.

ರೋಮಿನ ಚಿತ್ರಕ್ಕೂ ಇಲ್ಲಿ ಒಂದು ಎರಡನೆಯ ಬಾಳು ಸಿಕ್ಕಿತು, ಕೊರಳಲ್ಲಿ. ತೆಲಂಗಾಣದ ಕೊಂಡಾಪುರದಲ್ಲಿ ಟೈಬೀರಿಯಸ್‌ನ ನಾಣ್ಯವನ್ನು ಮಣ್ಣಿಗೆ ಒತ್ತಿ ಸುಟ್ಟು ಮಾಡಿದ ಪದಕಗಳು ಸಿಕ್ಕಿವೆ. ಬೆಳ್ಳಿ ಕೊಳ್ಳಲಾಗದವರ ಒಡವೆ ಅದು. ಹಾವೇರಿ ಜಿಲ್ಲೆ ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತ 46 ಚಿನ್ನದ ನಾಣ್ಯಗಳ ನಿಧಿ ಇನ್ನೂ ಸ್ವಾರಸ್ಯದ್ದು. ಅದರಲ್ಲಿ ಕಾನ್‌ಸ್ಟಾಂಟಿನೋಪಲಿನ ಅಸಲಿಗಳ ಜೊತೆ ಇಲ್ಲಿನ ಅಕ್ಕಸಾಲಿಗಳು ಅವನ್ನು ನೋಡಿ ಹೊಡೆದ ನಕಲುಗಳೂ ಇವೆ. ದೊರೆಯ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತು ಕೊರೆದವೂ ಇವೆ. ದಾರ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲಬೇಕು ಎಂಬ ಎಚ್ಚರ ಆ ಕೊರೆತದಲ್ಲಿ ಕಾಣುತ್ತದೆ. ಕಾಸಿನ ಸರದ ಆಸೆಗೆ ಅಷ್ಟು ವಯಸ್ಸು. ಮುಂದೆ ವೆನಿಸ್ಸಿನ ಚಿನ್ನದ ಡುಕಾಟ್ ಬಂದಾಗಲೂ ಇದೇ ಆಯಿತು. ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್ಸಿನ ಅಧಿಪತಿಯ ಆ ಚಿತ್ರವನ್ನು ನಮ್ಮವರು ಪುತ್ತಳಿ ಸರವನ್ನಾಗಿ ಮಾಡಿಕೊಂಡರು. ಅದರಲ್ಲಿ ರಾಮ ಸೀತೆಯರನ್ನು ಕಂಡವರೂ ಉಂಟು.

ಪುನ್ನಾಟದ ನೆಲಕ್ಕೆ ತನ್ನದೇ ಚಿತ್ರ ಸಿಕ್ಕಿದ್ದು ತುಂಬ ಆಮೇಲೆ. ಅಲಂಕರಿಸಿದ ಆನೆಯೂ ಬಳ್ಳಿಯ ಸುರುಳಿಯೂ ಇರುವ ಚಿನ್ನದ ಗದ್ಯಾಣಗಳನ್ನು ತಲಕಾಡಿನ ಗಂಗರವೆಂದು ಗುರುತಿಸುವುದು ರೂಢಿ. ಹೈದರ್, ಟಿಪ್ಪು ಕಾಲದ ಮೈಸೂರಿನ ತಾಮ್ರದ ಕಾಸಿನಲ್ಲೂ ಆನೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳಲ್ಲಿ ಆನೆಯ ಜೊತೆ ಸಿಂಹವೂ ಬಂತು, ಚಾಮುಂಡಿಯ ಹೆಸರೂ ಬಂತು, 'ಮಯಿಲಿ ಕಾಸು 20' ಎಂಬ ಕನ್ನಡ ಬರಹವೂ ಬಂತು. ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂಬ ಹೆಸರಿಟ್ಟವರು, 1826ರಲ್ಲಿ ಅಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದವರು ಇದೇ ಮುಮ್ಮಡಿಯವರು. 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆ ಮುಚ್ಚಿತು. ಈಗ ಈ ಸೀಮೆಯಿಂದ ಕಡಲು ದಾಟುವ ಕಲ್ಲು ಹರಳಲ್ಲ, ಚಾಮರಾಜನಗರದ ಕ್ವಾರಿಗಳ ಕರಿಕಲ್ಲು.

ಯಶವಂತಪುರದ ಗಡಿಗೆ ಕೂಲಿಯವರ ಗುದ್ದಲಿಗೆ ಸಿಕ್ಕಿದ್ದು, ನಿಧಿ ಹುಡುಕಿದವರಿಗಲ್ಲ. ಇಂಥವು ಬೋರ್‌ವೆಲ್ ಕೊರೆಯುವಾಗ, ಮನೆಗೆ ಪಾಯ ತೋಡುವಾಗ, ಅರಿಸಿನದ ಹೊಲ ಉಳುವಾಗ ಎದುರಾಗುವುದೇ ಹೆಚ್ಚು. ಮಣ್ಣಿನಡಿ ಸಿಕ್ಕ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1962ರ ರಾಜ್ಯದ ಕಾಯ್ದೆ ಹೇಳುತ್ತದೆ; ಸಿಕ್ಕವರಿಗೆ ಪರಿಹಾರ ಕೊಡಲು ಅದರಲ್ಲಿ ಅವಕಾಶವೂ ಇದೆ. ಆದ್ದರಿಂದ ಗುಂಡ್ಲುಪೇಟೆ, ಚಾಮರಾಜನಗರದ ರೈತರೇ, ಕ್ವಾರಿ ಕೆಲಸದವರೇ, ಹಳೆಯ ಬಿಲ್ಲೆಯೋ ತೂತು ಕೊರೆದ ಹಸಿರು ಮಣಿಯೋ ಕಂಡರೆ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಕಸಾಲಿಯ ಮೂಸೆಗೆ ಹಾಕಬೇಡಿ. ಅದರ ಜೊತೆ ಬಿದ್ದಿರುವ ಮಡಕೆಯ ಚೂರುಗಳನ್ನೂ ಕದಲಿಸದೆ ಜಿಲ್ಲಾಧಿಕಾರಿಯ ಕಚೇರಿಗೆ ಒಂದು ಮಾತು ಮುಟ್ಟಿಸಿ.